ಗೋಡೆಯ ಮೇಲಿನ ಕಿವಿ

ಆ ಊರಿಗೆ ಹೆಸರಿತ್ತೋ ಇಲ್ಲವೋ, ಕೇಳಿದರೆ ಹೇಳುವವರು ಈಗ ಯಾರೂ ಇಲ್ಲ. ಹೊರಗಿನವರು ಅಲ್ಲಿಗೆ ಬರುತ್ತಿರಲಿಲ್ಲ. ಊರಿನವರೇ ಹೊರಗೆ ಹೋಗಿ ಬರುತ್ತಿದ್ದರು. ತಿರುಗಾಟವೆಂದರೆ ಅವರಿಗೆ ಪ್ರಾಣ. ಬಿತ್ತನೆ ಮುಗಿಯಿತೋ, ಹೊರಟರು. ಮಗುವಿಗೆ ಹಲ್ಲು ಬಂತೋ, ಹೊರಟರು. ಮನೆಯಲ್ಲಿ ಜಗಳವಾಯಿತೋ, ಆಗಂತೂ ಹೊರಟೇ ಹೊರಟರು. ಬುತ್ತಿ ಕಟ್ಟಲು ಅವರಿಗೆ ನೆಪವೊಂದಿದ್ದರೆ ಸಾಕಿತ್ತು.

ಆದರೆ ಒಂದು ಕಟ್ಟಳೆಯಿತ್ತು. ಹೋಗುವವರು ಜೋಡಿಯಾಗಿ ಹೋಗಬೇಕು. ಜೋಡಿಯಲ್ಲಿ ಒಬ್ಬರು ಹೇಳುವವರು, ಇನ್ನೊಬ್ಬರು ಹೂಂಗುಟ್ಟುವವರು. ಹಿಂದಿರುಗಿದ ಮೇಲೆ ಊರಬಾಗಿಲ ಒಳಗಿನ ಕಟ್ಟೆಯನ್ನು ಇಬ್ಬರೂ ಹತ್ತಬೇಕು. ಊರು ನೆರೆಯುತ್ತದೆ. ಹೇಳುವವರು "ನಾವು ಹೋದೆವು" ಎನ್ನುತ್ತಾರೆ. ಊರು "ಹೋದಿರಿ" ಎನ್ನುತ್ತದೆ. ಹೂಂಗುಟ್ಟುವವರು "ಹೂಂ" ಎನ್ನುತ್ತಾರೆ. ಆಮೇಲೆ ಹೇಳುವವರು ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳುತ್ತಾರೆ, ಒಂದೊಂದಕ್ಕೂ ಒಂದು ಹೂಂ ಬೀಳುತ್ತದೆ. ಹೂಂ ಬಿದ್ದದ್ದು ಕಂಡದ್ದು. ಹೂಂ ಬೀಳದ್ದು ಕಂಡದ್ದಲ್ಲ. ಯಾವುದೋ ಕಾಲದಲ್ಲಿ ಒಬ್ಬ ಒಂಟಿಯಾಗಿ ಹೋಗಿ ಬಂದು ಏನೇನೋ ಹೇಳಿದನಂತೆ. ಹೂಂ ಎನ್ನಲು ಜೊತೆಗೆ ಯಾರೂ ಇಲ್ಲದೆ ಅವನು ಕಂಡದ್ದೆಲ್ಲ ಅಂತರಪಿಶಾಚಿಯಾಗಿ ಊರಿನ ಓಣಿಗಳಲ್ಲಿ ಅಲೆಯಿತಂತೆ. ಅಂದಿನಿಂದ ಈ ಏರ್ಪಾಡು.

ಕಟ್ಟೆಯ ಹಿಂದೆ ಉದ್ದಾನುದ್ದ ಒಂದು ಗೋಡೆ. ಗೋಡೆಯ ಬಳಿ ಚಿತ್ತಾರದವನು ಕೆಮ್ಮಣ್ಣಿನ ಬಟ್ಟಲು ಹಿಡಿದು ನಿಂತಿರುತ್ತಾನೆ. ಹೂಂ ಬಿದ್ದ ಕೂಡಲೇ ಕುಂಚ ಅದ್ದುತ್ತಾನೆ. ಬೆಟ್ಟ ಎಂದರೆ ಬೆಟ್ಟ, ಆನೆ ಎಂದರೆ ಆನೆ. ಪಕ್ಕದಲ್ಲಿ ಹೇಳುವವರನ್ನು ಅಡಿಯಿಂದ ಮುಡಿಯವರೆಗೆ ಬರೆಯುತ್ತಾನೆ: ಕಣ್ಣು, ಜಡೆ, ಇಗೋ ನೋಡಿ ಎಂದು ಚಾಚಿದ ಕೈ. ಹೂಂಗುಟ್ಟಿದವರಿಗೆ ಅವರ ಹಿಂದೆ ಒಂದು ಕಿವಿ ಬರೆಯುತ್ತಾನೆ. ಅಷ್ಟು ದೂರ ನಡೆದ ಕಾಲಿಲ್ಲ, ಅಷ್ಟೆಲ್ಲ ನೋಡಿದ ಕಣ್ಣಿಲ್ಲ. ಕಿವಿ ಒಂದೇ.

ಈ ಕಥೆ ಅಂಥ ಒಂದು ಕಿವಿಯದು. ಊರಿನ ಬಾಯಲ್ಲಿ ಅವಳು ಹೂಂಗಾತಿ, ಅವಳ ಜೋಡಿ ಹೇಳುಗಾತಿ. ಇಬ್ಬರೂ ಲಂಗ ತೊಡುವ ವಯಸ್ಸಿನಲ್ಲಿದ್ದಾಗ ಹಿರಿಯರು ಕರೆದು ನಿಲ್ಲಿಸಿ, "ಬಾವಿ ಹತ್ರ ಹೋಗಿದ್ರಲ್ಲ, ದಾರೀಲಿ ಏನು ಕಂಡ್ರಿ?" ಎಂದು ಕೇಳಿದ್ದರು. ಹೂಂಗಾತಿ ಯೋಚಿಸುತ್ತ ನಿಂತಳು. ಕಂಡದ್ದು ಬಹಳವಿತ್ತು, ಯಾವುದನ್ನು ಮೊದಲು ಎತ್ತಿಕೊಳ್ಳುವುದೆಂದು ತಿಳಿಯಲಿಲ್ಲ. ಇನ್ನೊಬ್ಬಳು ಅವಳಿಗಿಂತ ಒಂದಿಷ್ಟು ದೊಡ್ಡವಳು, ಆಗಲೇ ಬಾಯಿ ಬಿಟ್ಟಿದ್ದಳು. "ಒಂದು ಹಾವು ಕಂಡೆವು, ಹೆಡೆ ಇಷ್ಟಗಲ." ಹಿರಿಯರು ಹೂಂಗಾತಿಯ ಕಡೆ ತಿರುಗಿದರು. ಹಾವು ಇರಲಿಲ್ಲ, ಹಗ್ಗವಿತ್ತು. ಆದರೆ ಎಲ್ಲರೂ ಕಾಯುತ್ತಿದ್ದರು, ಅವಳಿಗೆ ಗಾಬರಿಯಾಯಿತು, "ಹೂಂ" ಎಂದುಬಿಟ್ಟಳು. ಅವಳ ಹಣೆಬರಹ ಅಲ್ಲಿಗೆ ತೀರ್ಮಾನವಾಯಿತು.

ಆಮೇಲೆ ಇಬ್ಬರೂ ವರ್ಷಗಟ್ಟಲೆ ತಿರುಗಿದರು. ಹೇಳುಗಾತಿ ಮುಂದೆ, ಬುತ್ತಿ ಹೊತ್ತ ಹೂಂಗಾತಿ ಹಿಂದೆ. ಘಟ್ಟ ಇಳಿದರು, ಮರಳುಗಾಡು ದಾಟಿದರು, ಕಡಲ ದಂಡೆಯಲ್ಲಿ ನಿಂತರು. ಊರಿಗೆ ಬಂದು ಕಟ್ಟೆ ಹತ್ತಿದರು. ಹೇಳುಗಾತಿ ಹೇಳುವುದರಲ್ಲಿ ಎತ್ತಿದ ಕೈ. ಅವಳು ಬಾಯಿ ತೆರೆದರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಹೆಂಗಸರು ಮನೆಗೆ ಓಡುತ್ತಿರಲಿಲ್ಲ. ಮಕ್ಕಳು ಗೋಡೆಯ ಮೇಲಿನ ಅವಳ ಕೈಯನ್ನು ಮುಟ್ಟಿ ಮುಟ್ಟಿ ಬಣ್ಣ ಮಾಸಿಹೋಗಿತ್ತು. ಕಿವಿಯನ್ನು ಯಾರೂ ಮುಟ್ಟುತ್ತಿರಲಿಲ್ಲ, ಅದು ಬರೆದ ದಿನ ಹೇಗಿತ್ತೋ ಹಾಗೇ ಇತ್ತು.

ಹೂಂಗಾತಿಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಮುಚ್ಚಿಟ್ಟು ಕಥೆ ಹೇಳಿ ಪ್ರಯೋಜನವಿಲ್ಲ. ಹೇಳುಗಾತಿಯ ದನಿ ಕೇಳಿದರೆ ಉರಿ, ಜಡೆ ಕಂಡರೆ ಉರಿ, ಅವಳು ಮುಂದೆ ನಡೆಯುವಾಗ ಬೀಳುವ ನೆರಳನ್ನು ತುಳಿದರೂ ಉರಿ. ಅವಳ ಸುಳ್ಳುಗಳ ಮೇಲೂ ಹೊಟ್ಟೆಕಿಚ್ಚು, ಯಾಕೆಂದರೆ ಆ ಸುಳ್ಳುಗಳು ಹೂಂಗಾತಿ ಕಂಡ ನಿಜಕ್ಕಿಂತ ಚೆನ್ನಾಗಿರುತ್ತಿದ್ದವು.

ಒಂದು ಮಧ್ಯಾಹ್ನ, ತಲೆಯಲ್ಲಿ ಬಿಳಿಕೂದಲು ಇಣುಕುವ ಕಾಲಕ್ಕೆ, ಅವಳು ಗೋಡೆಯ ಮುಂದೆ ಕೂತು ತಾನು ತಿರುಗಿದ್ದನ್ನೆಲ್ಲ ನೆನೆಯಲು ನೋಡಿದಳು. ಘಟ್ಟವನ್ನು ನೆನೆದಳು. ಹೇಳುಗಾತಿಯ ದನಿ ಕೇಳಿಸಿತು. ಮರಳುಗಾಡನ್ನು ನೆನೆದಳು. ಹೇಳುಗಾತಿ ಕೈ ಚಾಚಿ ತೋರಿಸಿದ ಒಂಟೆ ಕಂಡಿತು. ಆ ಒಂಟೆ ನಿಜವಾಗಿ ಇತ್ತೋ, ಅಥವಾ ಕಟ್ಟೆಯ ಮೇಲೆ ಹೂಂ ಎಂದಮೇಲೆ ಹುಟ್ಟಿತೋ ಅವಳಿಗೆ ತಿಳಿಯಲಿಲ್ಲ. ಕಡಲನ್ನು ನೆನೆದಳು. ಅಲ್ಲಿ ಮಾತ್ರ ಒಂದು ಚೂರು ಸಿಕ್ಕಿತು. ಹೇಳುಗಾತಿ ಅಲೆಗಳನ್ನು ನೋಡಿ ಬೆರಗಾಗುತ್ತಿದ್ದಾಗ ಹೂಂಗಾತಿಯ ಚಪ್ಪಲಿಯೊಳಗೆ ಕಲ್ಲು ಸೇರಿ ಅವಳು ಒಂಟಿಕಾಲಲ್ಲಿ ಕುಂಟುತ್ತಿದ್ದಳು. ಅಷ್ಟು ದೊಡ್ಡ ಕಡಲಿನಲ್ಲಿ ಅವಳ ಪಾಲಿಗೆ ಉಳಿದದ್ದು ಹಿಮ್ಮಡಿಯ ನೋವು. ಅವಳು ಅಲ್ಲೇ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಇಷ್ಟು ವರ್ಷ ನಡೆದು ತನ್ನದೆನ್ನುವ ಒಂದು ಬೆಟ್ಟವಿಲ್ಲ, ಒಂದು ಮರವಿಲ್ಲ.

ಅದಾದ ಮೇಲಿನ ತಿರುಗಾಟದಲ್ಲಿ ಅವರು ಒಂದು ಸಂತೆಯೂರಿನ ಛತ್ರದಲ್ಲಿ ತಂಗಿದರು. ಬೆಳಗಿನ ಜಾವ ಹೇಳುಗಾತಿ ಇನ್ನೂ ಮುಸುಕೆಳೆದು ಮಲಗಿದ್ದಳು. ಹೂಂಗಾತಿ ಎದ್ದು ಹೊರಗೆ ಬಂದಳು. ಸಂತೆಮಾಳ ಖಾಲಿ, ಮಂಜು ಕವಿದಿತ್ತು. ನಡುವೆ ಒಬ್ಬ ಮುದುಕ ತಕ್ಕಡಿ ಎತ್ತಿ ಹಿಡಿದಿದ್ದ. ತಟ್ಟೆಗಳಲ್ಲಿ ಏನೂ ಇರಲಿಲ್ಲ, ಮಂಜು ಮಾತ್ರ ಬಂದು ಕೂತಿತ್ತು. ಎರಡು ತಟ್ಟೆಗಳೂ ಸಮವಾಗಿ ನಿಂತವು. ಮುದುಕ ಅದನ್ನು ನೋಡಿ ತಕ್ಕಡಿಯನ್ನು ಕಣ್ಣಿಗೊತ್ತಿಕೊಂಡು ಇಳಿಸಿದ. ಅಷ್ಟೇ. ಯಾಕೋ ಹೂಂಗಾತಿ ಹೆಜ್ಜೆ ಕೀಳದೆ ಅಲ್ಲೇ ನಿಂತಳು. ಇದು ನನ್ನದು, ಎಂದುಕೊಂಡಳು. ಆದರೆ ಅಷ್ಟು ಖುಷಿ ಒಬ್ಬಳ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ರೊಟ್ಟಿ ಮುರಿಯುವಾಗ ಹೇಳುಗಾತಿಗೆ ಹೇಳಿಬಿಟ್ಟಳು. ಹೇಳುಗಾತಿ ರೊಟ್ಟಿ ಅಗಿಯುತ್ತ, "ಹೌದಾ?" ಎಂದಳು, ಮತ್ತೇನೂ ಕೇಳಲಿಲ್ಲ.

ಊರಿಗೆ ಬಂದರು. ಕಟ್ಟೆ ಹತ್ತಿದರು. ನಾವು ಹೋದೆವು. ಹೋದಿರಿ. ಹೂಂ. ಹೇಳುಗಾತಿ ದಾರಿಯ ಬಗ್ಗೆ ಹೇಳಿದಳು, ಹೂಂ. ಛತ್ರದ ಬಗ್ಗೆ ಹೇಳಿದಳು, ಹೂಂ. ಆಮೇಲೆ ದನಿ ತಗ್ಗಿಸಿ, "ಬೆಳಗಿನ ಜಾವ ನಾನು ಒಬ್ಬಳೇ ಹೊರಗೆ ಬಂದೆ. ಒಬ್ಬ ಮುದುಕ ಮಂಜನ್ನು ತೂಗುತ್ತಿದ್ದ" ಎಂದಳು. ಊರು ಮೈಯೆಲ್ಲ ಕಿವಿಯಾಗಿ ಮುಂದಕ್ಕೆ ಬಾಗಿತು. "ನೋಡನೋಡುತ್ತಿದ್ದಂತೆ ಮಂಜಿದ್ದ ತಟ್ಟೆ ಒಂದು ಕೂದಲೆಳೆಯಷ್ಟು ಕೆಳಕ್ಕೆ ಇಳಿಯಿತು." ಊರಿನ ಬಾಯಿಂದ ಅಬ್ಬಾ ಎಂಬ ಒಂದು ಉದ್ಗಾರ ಹೊರಟಿತು. ಚಿತ್ತಾರದವನು ಕುಂಚ ಅದ್ದಿಕೊಂಡು ಕಾದ.

ತಟ್ಟೆ ಇಳಿದಿರಲಿಲ್ಲ. ಸಮವಾಗಿ ನಿಂತಿತ್ತು, ಅದಕ್ಕೇ ತಾನು ಹೆಜ್ಜೆ ಕೀಳದೆ ನಿಂತದ್ದು. ಆದರೆ ಇಳಿದದ್ದೇ ಚೆನ್ನಾಗಿತ್ತು. ಅದು ಹೂಂಗಾತಿಗೂ ಗೊತ್ತಾಯಿತು, ಅವಳ ಕಣ್ಣ ಮುಂದೆಯೇ ಅವಳ ತಕ್ಕಡಿಯ ತಟ್ಟೆ ಮೆಲ್ಲಗೆ ಇಳಿಯತೊಡಗಿತು. ಅವಳು ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡಳು.

"ಹೂಂ ಅನ್ನೇ," ಹೇಳುಗಾತಿ ತುಟಿಯಂಚಿನಲ್ಲೇ ಹೇಳಿದಳು.

ಹೂಂಗಾತಿ ಅನ್ನಲಿಲ್ಲ.

"ಏನಮ್ಮ, ಕಂಡ್ರೋ ಇಲ್ವೋ?" ಊರಿನ ಯಜಮಾನ ಕೇಳಿದ.

ಅವಳು ಆಗಲೂ ಅನ್ನಲಿಲ್ಲ. ಕುಂಚದಿಂದ ಕೆಮ್ಮಣ್ಣು ತೊಟ್ಟಿಕ್ಕಿ ನೆಲದ ಮೇಲೆ ಬಿತ್ತು. ಯಜಮಾನ ಕೈ ಬೀಸಿದ. ಅಲ್ಲಿಯವರೆಗೆ ಬರೆದದ್ದರ ಮೇಲೆ ಚಿತ್ತಾರದವನು ಸುಣ್ಣ ಬಳಿದ. ಆ ತಿರುಗಾಟ ನಡೆದೇ ಇರಲಿಲ್ಲ. ಬಾವಿಗೆ ಹೋಗುವ ಹೆಂಗಸರೆಲ್ಲ ಆ ಬಿಳಿ ತೇಪೆಯನ್ನು ನೋಡಿ ಮೂಗು ಮುರಿದರು. ಹೂಂ ಅನ್ನಲಾರದವಳನ್ನು ಕಟ್ಟಿಕೊಂಡು ಯಾರು ತಾನೆ ಹೋಗುತ್ತಾರೆ?

"ನಿನಗೆ ನಾನೇನು ಕಡಿಮೆ ಮಾಡಿದ್ದೆ?" ಎಂದು ಹೇಳುಗಾತಿ ಕೇಳಿದಳು. "ಲೋಕವನ್ನೆಲ್ಲ ತೋರಿಸಿದೆ."

"ಅದು ನನ್ನ ಮುದುಕ, ಅಕ್ಕ."

"ನಿನ್ನವನಾಗಿದ್ದರೆ ನೀನು ಹೇಳ್ಬೇಕಿತ್ತು. ನಿನಗೆ ಹೇಳೋಕೆ ಬರ್ತದಾ?"

ಕೆಲವೇ ದಿನಗಳಲ್ಲಿ ಹೇಳುಗಾತಿಗೆ ಹೊಸ ಜೋಡಿ ಸಿಕ್ಕಿತು. ಹೊಸಬಳು ದುಂಡು ಕೆನ್ನೆಯವಳು, ಅವಳ ಹೂಂ ಬೆಣ್ಣೆಯಂತೆ ಜಾರುತ್ತದೆ ಎಂದು ಊರೆಲ್ಲ ಕೊಂಡಾಡಿತು. ಅವರಿಬ್ಬರೂ ಹೊರಟ ಬೆಳಗ್ಗೆ ಹೂಂಗಾತಿ ಕಿಟಕಿಯ ಹಿಂದೆ ನಿಂತು ನೋಡಿದಳು. ತಾನು ಹೊರುತ್ತಿದ್ದ ಬುತ್ತಿಯನ್ನು ಹೊಸಬಳು ಹೊತ್ತಿದ್ದಳು. ಇಷ್ಟು ದಿನ ಆ ಬುತ್ತಿಯನ್ನು ಶಪಿಸಿದವಳಿಗೆ ಈಗ ಆ ಭಾರದ ಮೇಲೂ ಹೊಟ್ಟೆಕಿಚ್ಚಾಯಿತು. ಅವಳು ಒಂದು ಗಂಟು ಕಟ್ಟಿಕೊಂಡು ಊರಬಾಗಿಲಿಗೆ ಬಂದಳು.

"ಜೊತೆಗೆ ಯಾರವ್ವ?" ಬಾಗಿಲ ಕಾವಲಿನವನು ಕೇಳಿದ.

"ಯಾರೂ ಇಲ್ಲ. ತಡೀತೀಯಾ?"

ಕಾವಲಿನವನು ತಲೆ ಕೆರೆದುಕೊಂಡ. "ಒಬ್ರು ಹೋದ್ರೆ ಅದು ಹೋದ್ಹಾಗಲ್ಲ, ಅದು ಕಟ್ಟಳೆ. ನೀನು ಹೋಗ್ತಾನೇ ಇಲ್ಲ ಅಂದ್ಮೇಲೆ ನಾನು ಯಾರನ್ನ ತಡೀಲಿ?" ಅವನು ಆಕಳಿಸಿ ಬಾಗಿಲ ಅಗುಳಿ ತೆಗೆದ. "ಯಾರೂ ಹೋಗಲಿಲ್ಲ" ಎಂದು ವಾಡಿಕೆಯಂತೆ ಕೂಗಿದ.

ಹೀಗೆ ಅವಳು ಮೊದಲ ಸಲ ಒಂಟಿಯಾಗಿ ದಾರಿಗಿಳಿದಳು. ಒಂಟಿ ಎನ್ನುವುದು ಹೆಸರಿಗಷ್ಟೇ. ಅವಳು ಹೊರಟದ್ದು ಆ ಇಬ್ಬರ ಬೆನ್ನು ಹಿಡಿಯಲು. ಒಂದು ತಿರುವು ಹಿಂದೆ ಉಳಿದು, ಅವರ ಕಣ್ಣಿಗೆ ಬೀಳದಂತೆ ನಡೆದಳು. ಅವರು ನಿಂತಲ್ಲಿ ನಿಂತಳು, ಅವರು ನೋಡಿದ್ದನ್ನು ನೋಡಿದಳು. ಅವರು ಬಿಟ್ಟು ಹೋದ ಛತ್ರಕ್ಕೆ ಬಂದು ಛತ್ರದ ಮುದುಕಿಯನ್ನು ವಿಚಾರಿಸಿದಳು.

"ಇಬ್ಬರು ಬಂದಿದ್ರಾ ಅಜ್ಜಿ?"

"ಬಂದಿದ್ರು. ಆ ಆಲದ ಮರ ನೋಡಿ ಉಬ್ಬಿ ಹೋದ್ರು."

ಹೂಂಗಾತಿ ಆಲದ ಮರದ ಕೆಳಗೆ ಹೋಗಿ ನಿಂತಳು. ತಲೆ ಎತ್ತಿ ನೋಡಿದಳು, ಸುತ್ತು ಬಂದು ನೋಡಿದಳು. ಅದು ಆಲದ ಮರ. ಅವರು ಇದರಲ್ಲಿ ಏನು ಕಂಡರೋ, ಹೊಸಬಳು ಎಲ್ಲಿ ಹೂಂ ಎಂದಳೋ ಎಂದು ಸಂಕಟವಾಯಿತು.

"ಏನು ಉಂಡ್ರು ಅವರು?"

"ಅವರೆಕಾಳು ಹುಳಿ."

"ನನಗೂ ಅದನ್ನೇ ಬಡಿಸಿ. ಯಾವ ಚಾಪೇಲಿ ಮಲಗಿದ್ರು?"

ಮುದುಕಿ ಅವಳನ್ನು ಒಂದು ಥರ ನೋಡಿ ಚಾಪೆ ತೋರಿಸಿದಳು. ಹೂಂಗಾತಿಗೆ ಅವರೆಕಾಳು ಒಗ್ಗುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಆ ಚಾಪೆಯ ಮೇಲೆ ಹೊರಳಾಡಿದಳು. ಹೊಟ್ಟೆಕಿಚ್ಚಿಗೆ ಕಾಳಿನ ಉಬ್ಬರವೂ ಸೇರಿಕೊಂಡಿತು. ಬೆಳಗಾದಾಗ ಮತ್ತೆ ಅವರ ಹೆಜ್ಜೆ ಹುಡುಕಿಕೊಂಡು ಹೊರಟಳು.

ಹೀಗೆ ನಡೆದು ಒಂದು ಹೊಳೆಯ ದಡಕ್ಕೆ ಬಂದಳು. ಅಲ್ಲಿ ಹೆಜ್ಜೆ ಗುರುತುಗಳಿರಲಿಲ್ಲ. ಅಂಬಿಗ ತನ್ನ ಹರಿಗೋಲನ್ನು ಬೋರಲು ಹಾಕಿ ಬುಡಕ್ಕೆ ತೊಗಲು ಹೊಲಿಯುತ್ತಿದ್ದ.

"ಇಬ್ಬರು ಹೆಂಗಸ್ರನ್ನ ದಾಟಿಸಿದ್ಯೇನಪ್ಪ?"

"ಇಲ್ವಲ್ಲ ತಾಯಿ. ಹರಿಗೋಲು ತೂತಾಗಿ ಕೂತಿದೆ. ಅವರು ಕವಲಲ್ಲಿ ಬಲಕ್ಕೆ ಹೋಗಿರ್ಬೇಕು, ಈ ಕಡೆ ಯಾರು ಬರ್ತಾರೆ? ನೋಡೋಕೆ ಏನೈತೆ ಇಲ್ಲಿ?"

ಅವಳು ದಡದ ಒಂದು ಕಲ್ಲಿನ ಮೇಲೆ ಕುಸಿದು ಕೂತಳು. ಅವರು ತಪ್ಪಿಹೋಗಿದ್ದರು. ಅವರು ಈಗ ಎಲ್ಲಿ ನಿಂತು ಏನು ನೋಡುತ್ತಿದ್ದಾರೋ, ತಾನು ಎಲ್ಲಿ ನೋಡಬೇಕೋ ಅವಳಿಗೆ ತಿಳಿಯಲಿಲ್ಲ. ಬಿಸಿಲು ಏರಿತು. ಹೊಳೆ ಹರಿಯುತ್ತಿತ್ತು.

ಆಗ ಒಂದು ಎಮ್ಮೆ ಹೊಳೆಗಿಳಿಯಿತು. ಅದರ ಬೆನ್ನ ಮೇಲೆ ಒಂದು ಕಾಗೆ ಕೂತಿತ್ತು. ಎಮ್ಮೆ ಆಚೆ ದಡಕ್ಕೆ ಹೊರಟಿತು. ನೀರು ಹೊಟ್ಟೆಗೆ ಬಂತು, ಕಾಗೆ ಅಲುಗಲಿಲ್ಲ. ನೀರು ಬೆನ್ನಿಗೆ ಬಂತು, ಕಾಗೆ ಹೆಗಲಿಗೆ ಸರಿಯಿತು. ಹೆಗಲು ಮುಳುಗಿತು, ಕಾಗೆ ತಲೆಯ ಮೇಲೆ ಹತ್ತಿತು. ತಲೆಯೂ ನೀರಿಗಿಳಿದು ಮೂಗಿನ ಹೊಳ್ಳೆ ಮತ್ತು ಕೋಡು ಮಾತ್ರ ಕಾಣುತ್ತಿದ್ದಾಗ ಕಾಗೆ ಒಂದು ಕೋಡಿನ ತುದಿಯಲ್ಲಿ ಎರಡು ಕಾಲನ್ನೂ ಜೋಡಿಸಿಕೊಂಡು ನಿಂತಿತು. ರೆಕ್ಕೆಯಿದ್ದೂ ಹಾರಲಿಲ್ಲ. ಹೊಳೆಯ ನಟ್ಟನಡುವೆ, ಎರಡು ಕೋಡು ಒಂದು ಕಾಗೆ, ಬೇರೇನೂ ಇಲ್ಲ. ಆಮೇಲೆ ನೀರು ಇಳಿಯಿತು. ಕಾಗೆ ಕೋಡಿನಿಂದ ತಲೆಗೆ, ತಲೆಯಿಂದ ಹೆಗಲಿಗೆ, ಹೆಗಲಿನಿಂದ ಬೆನ್ನಿಗೆ ಒಂದೊಂದೇ ಹೆಜ್ಜೆಯಾಗಿ ಇಳಿದು, ಏನೂ ಆಗದ ಹಾಗೆ ತನ್ನ ಹಳೆಯ ಜಾಗದಲ್ಲಿ ಕೂತಿತು. ಎಮ್ಮೆ ದಡ ಹತ್ತಿ ಬಾಲ ಬೀಸಿತು.

ಹೂಂಗಾತಿ ಕಾದಳು. ಯಾರಾದರೂ ಇದನ್ನು ಹೇಳಬೇಕಿತ್ತು, ಅಭ್ಯಾಸದಿಂದ ಅವಳ ಕಿವಿ ಅದಕ್ಕಾಗಿ ತೆರೆದುಕೊಂಡಿತ್ತು. ಯಾರೂ ಹೇಳಲಿಲ್ಲ. ಅಂಬಿಗ ತಲೆ ತಗ್ಗಿಸಿ ಹೊಲಿಯುತ್ತಿದ್ದ. ಕೊನೆಗೆ ಅವಳ ಗಂಟಲಿನಿಂದ ತಾನಾಗಿ "ಹೂಂ" ಎಂದು ಬಂತು. ಆಚೆ ದಡದ ಎಮ್ಮೆ ತಿರುಗಿ ನೋಡಿತು. ಅವಳಿಗೆ ನಗು ಬಂತು. ಹೇಳುಗಾತಿಯಾಗಿದ್ದರೆ ಕಾಗೆಯನ್ನು ಬೆಳ್ಳಗೆ ಮಾಡುತ್ತಿದ್ದಳು, ಎಮ್ಮೆಯನ್ನು ಯಮನ ವಾಹನ ಮಾಡುತ್ತಿದ್ದಳು. ಇಲ್ಲಿ ಕಾಗೆ ಕಪ್ಪಗಿತ್ತು, ಎಮ್ಮೆ ಎಮ್ಮೆಯಾಗಿತ್ತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುನಗುತ್ತ ಕಣ್ಣೊರೆಸಿಕೊಂಡಳು. ಆ ಇಬ್ಬರನ್ನು ಹುಡುಕುವುದು ಮರೆತೇಹೋಯಿತು. ಹರಿಗೋಲು ಸರಿಯಾದ ಮೇಲೆ ಆಚೆ ದಡಕ್ಕೂ ಹೋಗಿ ಬಂದಳು.

ಊರಿಗೆ ಮರಳಿದಾಗ ಕಾವಲಿನವನು "ಯಾರೂ ಬರಲಿಲ್ಲ" ಎಂದು ಕೂಗಿ ಬಾಗಿಲು ತೆರೆದ. ನೆರೆಮನೆಯವಳು ಗೋಡೆಯ ಆಚೆಯಿಂದ ಇಣುಕಿ, "ಪಾಪ, ಎಲ್ಲೂ ಹೋಗದೆ ಮನೇಲಿ ಕೂತು ಕೂತು ಕಪ್ಪಗಾಗಿಬಿಟ್ಟಿದೀಯಲ್ಲೇ" ಎಂದಳು. ಹೂಂಗಾತಿ ತಲೆಯಾಡಿಸಿದಳು.

ಆಮೇಲೆ ಅವಳು ಹೋಗುತ್ತಲೇ ಇದ್ದಳು. ಯಾರ ಹೆಜ್ಜೆಯನ್ನೂ ಹಿಡಿಯದೆ ಹೋದಳು. ಹಸಿವಾದಾಗ ಉಂಡಳು, ಅವರೆಕಾಳು ಮುಟ್ಟಲಿಲ್ಲ. ಒಂದು ಊರಿನಲ್ಲಿ ಜನ ಬಾವಿಗೆ ಬಗ್ಗಿ ತಮ್ಮ ಹೆಸರು ಕೂಗಿ ನೀರು ಸೇದುವುದನ್ನು ಕಂಡಳು. ಇನ್ನೊಂದು ಕಡೆ ಕುರುಡಿಯೊಬ್ಬಳು ಮಲ್ಲಿಗೆ ಕಟ್ಟುವುದನ್ನು ಮಾಲೆ ಮುಗಿಯುವವರೆಗೆ ಕೂತು ನೋಡಿದಳು, ಯಾರೂ ಏಳು ಎನ್ನಲಿಲ್ಲ. ಮಲಗುವಾಗ ತನಗೆ ತಾನೇ ಹೇಳಿಕೊಂಡು ತಾನೇ ಹೂಂಗುಟ್ಟುವುದು ರೂಢಿಯಾಯಿತು. ಕೆಲವು ಸಲ ಹೆದರಿಕೆಯಾಗುತ್ತಿತ್ತು. ಜ್ವರ ಬಂದು ಬಿದ್ದಾಗ ಹೇಳುಗಾತಿಯ ಹಾಳು ಜಡೆಯನ್ನಾದರೂ ಒಮ್ಮೆ ನೋಡಬೇಕೆನ್ನಿಸುತ್ತಿತ್ತು.

ಹಾಗೆಂದು ಹೊಟ್ಟೆಕಿಚ್ಚು ಆರಿತೆಂದು ತಿಳಿಯಬೇಡಿ. ಊರಿನಲ್ಲಿದ್ದಾಗ ಕಟ್ಟೆಯ ಸುತ್ತ ಜನ ಸೇರಿದರೆ ಅವಳೂ ಹೋಗಿ ಹಿಂದೆ ನಿಲ್ಲುತ್ತಿದ್ದಳು. ಗೋಡೆ ತುಂಬುತ್ತಿತ್ತು. ಹೇಳುಗಾತಿಯ ಚಾಚಿದ ಕೈಗಳು ಒಂದರ ಪಕ್ಕ ಒಂದು ಸಾಲುಗಟ್ಟುತ್ತಿದ್ದವು. ತನ್ನದು ಎಲ್ಲೂ ಇಲ್ಲ. ಕಿವಿ ಕೂಡ ಈಗ ಹೊಸಬಳದು. ಅವಳು ಮನೆಗೆ ಬಂದು ಬಾಗಿಲು ಹಾಕಿಕೊಂಡು ತನ್ನ ಕಾಗೆಯನ್ನು ಹೊರಗೆ ತೆಗೆದು ನೋಡುತ್ತಿದ್ದಳು, ಅದು ಕೋಡಿನ ಮೇಲೆ ಸರಿಯಾಗಿ ನಿಂತಿದೆಯೇ ಎಂದು.

ಹೇಳುಗಾತಿಗೆ ವಯಸ್ಸಾಯಿತು. ಹೊಸಬಳ ಬೆಣ್ಣೆಯಂಥ ಹೂಂ ಎಲ್ಲದಕ್ಕೂ ಜಾರಿ ಜಾರಿ ಬಿದ್ದು, ಊರಿಗೆ ಅದರ ಮೇಲಿನ ನಂಬಿಕೆ ಸಡಿಲವಾಯಿತು. ಆನೆ ಹಾರಿತೆಂದರೂ ಹೂಂ ಎನ್ನುವವಳ ಹೂಂಗೆ ಏನು ಬೆಲೆ? ಹೇಳುಗಾತಿ ಹೇಳುತ್ತಿದ್ದಾಗಲೇ ಹೆಂಗಸರು ಹಾಲು ನೋಡಲು ಎದ್ದು ಹೋಗತೊಡಗಿದರು. ಒಂದು ಸಂಜೆ ಅವಳು ಹೂಂಗಾತಿಯ ಹೊಸ್ತಿಲಿಗೆ ಬಂದು ನಿಂತಳು. ಜಡೆ ತೆಳ್ಳಗಾಗಿತ್ತು. ಅವಳು ಹೂಂಗಾತಿಯ ಪಾದಗಳನ್ನೇ ನೋಡುತ್ತಿದ್ದಳು.

"ಆ ಮಣ್ಣು ನಮ್ಮೂರಿನದಲ್ಲ" ಎಂದಳು.

ಹೂಂಗಾತಿ ಕಾಲನ್ನು ಸೀರೆಯ ನೆರಿಗೆಯೊಳಗೆ ಎಳೆದುಕೊಂಡಳು.

"ಎಷ್ಟು ವರ್ಷದಿಂದ ಹೋಗ್ತಿದೀಯೇ?"

"ನಾನೆಲ್ಲಿ ಹೋದೆ ಅಕ್ಕ? ಒಬ್ಬರು ಹೋದ್ರೆ ಹೋದ್ಹಾಗಲ್ವಲ್ಲ."

ಹೇಳುಗಾತಿಯ ಮುಖದಲ್ಲಿ ಏನೋ ಹಾದುಹೋಯಿತು. ಹೂಂಗಾತಿ ಅದನ್ನು ಕೂಡಲೇ ಗುರುತಿಸಿದಳು. ಇಷ್ಟು ವರ್ಷ ಕನ್ನಡಿಯಲ್ಲಿ ಅದನ್ನೇ ನೋಡಿದ್ದಳಲ್ಲ. ಹೇಳುಗಾತಿಗೆ ಹೊಟ್ಟೆ ಉರಿಯುತ್ತಿತ್ತು. ಹೂಂಗಾತಿಗೆ ಬೇಸಿಗೆಯಲ್ಲಿ ಮಜ್ಜಿಗೆ ಕುಡಿದಷ್ಟು ತಂಪಾಯಿತು.

"ನಾಳೆ ಕಟ್ಟೆ ಹತ್ತೋಣ," ಹೇಳುಗಾತಿ ಹೊಸ್ತಿಲ ಮೇಲೆ ಕೂತುಕೊಂಡಳು. "ನಾವಿಬ್ಬರೂ ಹೋಗಿದ್ವಿ ಅನ್ನೋಣ. ನೀನು ಹೇಳು. ನಾನು ಹೂಂ ಅಂತೀನಿ. ನಿನ್ನನ್ನ ಪೂರ್ತಿ ಬರೀತಾನೆ. ನನಗೆ ಕಿವಿ ಸಾಕು."

ಹೂಂಗಾತಿಗೆ ಬೇಡವೆನ್ನಿಸಲಿಲ್ಲ, ಬಾಯಲ್ಲಿ ನೀರೂರಿತು. ಬಾವಿಗೆ ಹೋಗುವ ಹೆಂಗಸರೆಲ್ಲ ನೋಡುವ ಗೋಡೆಯಲ್ಲಿ ಅಡಿಯಿಂದ ಮುಡಿಯವರೆಗೆ ತಾನು, ಹಿಂದೆ ಒಂದು ಮೂಲೆಯಲ್ಲಿ ಹೇಳುಗಾತಿಯ ಕಿವಿ. ಆ ಕಿವಿ ಎಷ್ಟು ಸಣ್ಣದಿರಬೇಕೆಂದು ಕೂಡ ಲೆಕ್ಕ ಹಾಕಿದಳು. "ಆಗಲಿ" ಎಂದಳು.

ಮಾರನೆಯ ದಿನ ಊರು ನೆರೆಯಿತು. ಹೂಂಗಾತಿ ಕಟ್ಟೆಯ ಮುಂಚೂಣಿಯಲ್ಲಿ, ಹೇಳುಗಾತಿ ಒಂದು ಹೆಜ್ಜೆ ಹಿಂದೆ. "ನಾವು ಹೋದೆವು." "ಹೋದಿರಿ." "ಹೂಂ" ಎಂದಳು ಹೇಳುಗಾತಿ. ಚಿತ್ತಾರದವನು ಹೂಂಗಾತಿಯ ಪಾದದಿಂದ ಶುರುಮಾಡಿದ.

"ಒಂದು ಹೊಳೆ ಇತ್ತು," ಹೂಂಗಾತಿ ಹೇಳಿದಳು.

"ಹೂಂ."

"ದಡದಲ್ಲಿ ಒಂದು ಕಲ್ಲು."

"ಹೂಂ."

"ಹೊಳೆಗೆ ಒಂದು ಎಮ್ಮೆ ಇಳಿಯಿತು. ಬೆನ್ನ ಮೇಲೆ ಒಂದು ಕಾಗೆ."

"ಹೂಂ," ಎಂದಳು ಹೇಳುಗಾತಿ, ಮೆಲ್ಲಗೆ, ಆಳದಿಂದ.

ಊರು ಅಲುಗದೆ ಕೇಳುತ್ತಿತ್ತು. ಹೂಂಗಾತಿ ಮುಂದಿನದಕ್ಕಾಗಿ ತನ್ನೊಳಗೆ ತಿರುಗಿ ನೋಡಿದಳು. ಹೊಳೆ ಇತ್ತು, ಬಿಸಿಲಿತ್ತು, ತಾನು ಕೂತ ಕಲ್ಲಿತ್ತು. ಕಲ್ಲಿನ ಮೇಲೆ ತನ್ನ ಪಕ್ಕದಲ್ಲಿ ಹೇಳುಗಾತಿ ಕೂತಿದ್ದಳು. ಅವಳ ಜಡೆ ಕಪ್ಪಗೆ, ದಪ್ಪಗೆ, ಹಳೆಯ ಕಾಲದ ಹಾಗೇ ಇತ್ತು. ಅವಳು ಕೈ ಚಾಚಿ ಎಮ್ಮೆಯನ್ನು ತೋರಿಸುತ್ತಿದ್ದಳು. ಹೂಂಗಾತಿ ಬೆಚ್ಚಿ ಹಿಂದೆ ತಿರುಗಿದಳು. ಕಟ್ಟೆಯ ಮೇಲೆ ಹೇಳುಗಾತಿ ಕಣ್ಣು ಮುಚ್ಚಿ ನಿಂತಿದ್ದಳು, ಅವಳ ತುಟಿಗಳು ಆಗಲೇ ಅಲುಗುತ್ತಿದ್ದವು.

ಹೂಂಗಾತಿಯ ಹೊಟ್ಟೆಯಲ್ಲಿ ಎದ್ದ ಉರಿ ಹಿಂದೆಂದೂ ಎದ್ದಿರಲಿಲ್ಲ. ಒಬ್ಬರು ಕೂರುವಷ್ಟೇ ಅಗಲದ ಕಲ್ಲು ಅದು. ಅವಳು ಬಾಯಿ ಮುಚ್ಚಿಕೊಂಡಳು.

"ಆಮೇಲೆ?" ಊರು ಕೇಳಿತು.

"ನೀರು ಬೆನ್ನಿಗೆ ಬಂತಾ?" ಹೇಳುಗಾತಿ ಪಿಸುಗುಟ್ಟಿದಳು. "ಕಾಗೆ ಹಾರಿತಾ? ಹೇಳೇ."

"ಎಲ್ಲಿಯ ಕಾಗೆ?" ಹೂಂಗಾತಿ ಊರಿಗೆ ಕೇಳುವಂತೆ ಹೇಳಿದಳು. "ಈ ಅಕ್ಕ ನನ್ನ ಜೊತೆ ಬಂದಿರಲಿಲ್ಲ. ನಾನು ಒಬ್ಬಳೇ ಇದ್ದೆ. ಒಬ್ಬಳು ಹೋದದ್ದು ಹೋದದ್ದಲ್ಲ, ನಿಮ್ಮದೇ ಕಟ್ಟಳೆ. ನಾನೆಲ್ಲೂ ಹೋಗಿಲ್ಲ" ಎಂದು ಕಟ್ಟೆ ಇಳಿದು ಮನೆಗೆ ಹೋದಳು. ಗೋಡೆಯ ಮೇಲೆ ಪಾದದಿಂದ ಮುಖದವರೆಗೆ ಬಂದು ಅವಳ ಒಂದು ಕಣ್ಣು ಮಾತ್ರ ಬರೆದಾಗಿತ್ತು, ಇನ್ನೊಂದು ಬಾಕಿಯಿತ್ತು.

ಸುಣ್ಣ ಬಳಿಯಬೇಕಿತ್ತು. ಚಿತ್ತಾರದವನು ಸುಣ್ಣ ಕಲಸಿ ತಂದರೂ ಜನ ಬಿಡಲಿಲ್ಲ. ಎಮ್ಮೆ ಹೊಟ್ಟೆಯವರೆಗೆ ನೀರಿನಲ್ಲಿತ್ತು, ಬೆನ್ನ ಮೇಲೆ ಕಾಗೆ ಕೂತಿತ್ತು, ಮುಂದೇನೆಂದು ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಅವಳೊಬ್ಬಳಿಗೆ ಗೊತ್ತಿತ್ತು. ಬಾವಿಗೆ ಹೋಗುವವರು ಕೊಡ ಕೆಳಗಿಟ್ಟು ನಿಂತು ನೋಡಿದರು. ಮುಳುಗಿತೋ, ಹಾರಿತೋ ಎಂದು ಜಗಳವಾಡಿದರು. ಊರಿಗೆ ಊರೇ ಅವಳ ಮುಚ್ಚಿದ ಬಾಗಿಲನ್ನು ಕಂಡು ಕರುಬಿತು. ಹೇಳುಗಾತಿ ದಿನವೂ ಬಂದು ಗೋಡೆಯ ಬುಡದಲ್ಲಿ ಕೂತು, ಅರ್ಧ ಚಿತ್ರವನ್ನು ನೋಡುತ್ತ "ಹೂಂ, ಆಮೇಲೆ?" ಎನ್ನುತ್ತಿದ್ದಳು.

ಒಂದು ಬೆಳಗ್ಗೆ ಹೂಂಗಾತಿ ಗಂಟು ಎತ್ತಿಕೊಂಡು ಊರಬಾಗಿಲು ದಾಟಿದಳು. "ಯಾರೂ ಹೋಗಲಿಲ್ಲ" ಎಂದು ಕಾವಲಿನವನು ಕೂಗಿದ. ಅವಳು ಹೆಚ್ಚು ದೂರ ಹೋಗಿರಲಿಲ್ಲ, ಅವನು ಅದನ್ನೇ ಮತ್ತೊಮ್ಮೆ ಕೂಗಿದ್ದು ಕೇಳಿಸಿತು.

ಅವಳು ಚಪ್ಪಲಿಯೊಳಗಿನ ಕಲ್ಲು ಕೊಡವುವ ನೆಪದಲ್ಲಿ ಬಗ್ಗಿ ಹಿಂದೆ ನೋಡಿದಳು. ಒಂದು ತಿರುವು ಹಿಂದೆ, ಮರದ ಮರೆಯಲ್ಲಿ ಒಂದು ತೆಳ್ಳನೆಯ ಜಡೆ ಕಂಡಿತು. ಹೇಳುಗಾತಿ ತನ್ನ ಬುತ್ತಿಯನ್ನು ತಾನೇ ಹೊತ್ತು ಒಬ್ಬಳೇ ಬರುತ್ತಿದ್ದಳು. ಹೂಂಗಾತಿ ನಿಂತಲ್ಲಿ ತಾನೂ ನಿಂತು, ಅವಳು ನೋಡಿದ್ದನ್ನು ತಾನೂ ನೋಡಿಕೊಂಡು ಬರುತ್ತಿದ್ದಳು.

ದಾರಿ ಕವಲೊಡೆಯುವ ಜಾಗ ಬಂತು. ಎಡಕ್ಕೆ ಹೋದರೆ ಆ ಹೊಳೆ. ಹೂಂಗಾತಿಗೆ ಹಳೆಯ ಉರಿ ಮತ್ತೆ ಎದ್ದಿತು. ಅವಳು ನನ್ನ ಕಲ್ಲಿನ ಮೇಲೆ ಕೂತರೆ? ಎಮ್ಮೆ ಮತ್ತೆ ಇಳಿದರೆ? ಕಾಗೆ ಕೋಡು ಹತ್ತುವುದನ್ನು ಅವಳು ನನಗಿಂತ ಚೆನ್ನಾಗಿ ನೋಡಿದರೆ? ಒಂದು ಸಲ ಕೂಗಿ ಕರೆದರೆ ಮುಗಿಯಿತು. ಕೂಗಿದರೆ ಇಬ್ಬರಾಗುತ್ತಾರೆ. ಇಬ್ಬರಾದರೆ ಅದು ಹೋದದ್ದಾಗುತ್ತದೆ, ಕಟ್ಟೆ ಹತ್ತಬೇಕಾಗುತ್ತದೆ, ಅವಳು ಹೇಳುತ್ತಾಳೆ, ತಾನು ಹೂಂ ಅನ್ನಬೇಕಾಗುತ್ತದೆ. ಒಬ್ಬಳೇ ಹೋದರೆ ಅವಳು ನೋಡಿದ್ದು ಅವಳಲ್ಲೇ ಇರುತ್ತದೆ, ತನ್ನದು ತನ್ನಲ್ಲಿ. ಹೂಂಗಾತಿ ತಾನೆಂದೂ ಹಿಡಿಯದ ಬಲಗಡೆಯ ದಾರಿ ಹಿಡಿದು ಬಿರಬಿರನೆ ನಡೆದಳು.

ಹಿಂದೆ ಕವಲಿನ ಬಳಿ ಹೆಜ್ಜೆ ಸಪ್ಪಳ ನಿಂತಿತು. ಎಡಕ್ಕೋ ಬಲಕ್ಕೋ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

"ಏ, ಇದೀಯೇನೇ?" ಹೇಳುಗಾತಿಯ ದನಿ ಗಿಡಮರಗಳನ್ನು ಹಾದು ಬಂತು.

ಹೂಂಗಾತಿಯ ಗಂಟಲಿಗೆ ಹೂಂ ಬಂತು. ಅವಳು ಅದನ್ನು ನುಂಗಿಕೊಂಡು ಮುಂದೆ ನಡೆದಳು.